ಒಂದು ಮನೆ ಮೊದಲೇ

ಬಿಕ್ಕೋಡು ದಾಟಿ ಎರಡನೇ ತಿರುವು. ರಾತ್ರಿ ಎರಡೂವರೆ.
ಜೀಪಿನ ಬಾನೆಟ್ಟಿನ ಮೇಲೆ ಸಿಮೆಂಟ್ ಚೀಲದ ಕಾಗದ,
ಅದರ ಮೇಲೆ ಬಾಲ್‌ಪೆನ್ನಿನಲ್ಲಿ ಗೀಚಿದ ಅರವತ್ತನಾಲ್ಕು ಮನೆ.
ಬಿಳಿಯ ರಾಜ ಒಂದು ನಟ್ಟು,
ಕರಿಯ ರಾಜ ತುಕ್ಕು ಹಿಡಿದ ಇನ್ನೊಂದು.
ಕಾಲಾಳು, ಸಿಪ್ಪೆ ಬಿಡದ ರೊಬಸ್ಟಾ ಬೀಜ.
ಆನೆ ಮಾತ್ರ ಆನೆಯಷ್ಟಿರಲಿ ಎಂದು
ಟಾರ್ಚಿನಿಂದ ತೆಗೆದ ಮುಗಿದ ಸೆಲ್ಲು.

ಲೆಕ್ಕ ಸಿಕ್ಕಿದ್ದು ಬೋಂಡದ ಪೊಟ್ಟಣದಲ್ಲಿ.
‘ಬಿಳಿ ಆಡಿ ಗೆಲ್ಲಬೇಕು’ ಎಂಬಲ್ಲಿಯವರೆಗೆ ಅಕ್ಷರ,
ಕೆಳಗೆ ಉತ್ತರವಿದ್ದ ಕಡೆ ಎಣ್ಣೆ.
ನಾಲ್ಕು ರಾತ್ರಿಯಿಂದ ಆ ಎಣ್ಣೆಯನ್ನು ಬೆಳಕಿಗೆ ಹಿಡಿದಿದ್ದೇನೆ.
ಹಿಂದಿನ ಪುಟದ ಟೈಲ್ಸ್ ಜಾಹೀರಾತು ಕಾಣುತ್ತದೆ, ಅಷ್ಟೆ.

ಕಳೆದ ವಾರದ್ದರಲ್ಲಿ ಎರಡು ಕಾಲಾಳು
ಒಂದರ ಭುಜ ಒಂದು ಹಿಡಿದು ಇಳಿದು ಬಂದು
ಆನೆಯನ್ನೇ ಕೈಚೆಲ್ಲಿ ಕೂರಿಸಿದ್ದವು.
ಇದರಲ್ಲಿ ಒಂದೇ ಒಂದು. ನಾಲ್ಕು ಮನೆ ನಡೆದರೆ ಮಂತ್ರಿ.
ಅದರ ಮೂಗಿನ ಮುಂದೆಯೇ ಆನೆ,
ಕರಿರಾಜನ ಕೈಗೆ ಎಟುಕುವಷ್ಟು ಹತ್ತಿರ.
ಓಡಲೇಬೇಕು. ಎಲ್ಲಿಗೆ?

‘ಆನೆ ಅಂತ ಹೆಸರಿಟ್ಟವನು ಆನೆ ನೋಡಿಲ್ಲ ಚನ್ನಿಗಣ್ಣ,
ನೆಟ್ಟಗೆ ಹೋಗ್ತದಂತೆ!’
ಸ್ಟಿಯರಿಂಗಿಗೆ ಹಣೆ ಕೊಟ್ಟೇ ಇಸುಬು ನಗುತ್ತಾನೆ.
ನಿಜ. ರಸ್ತೆಯಾಚೆ ಬ್ಲಾಕಿನಲ್ಲಿರುವ ಒಂಟಿ ಸಲಗ
ನೆಟ್ಟಗೆ ಹೋದದ್ದನ್ನು ನಾನೂ ಕಂಡಿಲ್ಲ.
ಒಂಟೆಯ ಹಾಗೆ ಓರೆಗೆ, ಕುದುರೆಯ ಹಾಗೆ ಬೇಲಿ ಹಾರಿಸಿ,
ಒಮ್ಮೊಮ್ಮೆ ರಾಜನ ಹಾಗೆ ಒಂದೇ ಹೆಜ್ಜೆ,
ಆಮೇಲೆ ಅರ್ಧ ಗಂಟೆ ಹಲಸಿನ ಹಣ್ಣು.
ಊರಿನ ಮೊಬೈಲಿಗೆಲ್ಲ ಸಂದೇಶ ಹೋಗಿದೆ.
ದಿನಗೂಲಿಯ ಕಾವಲುಗಾರನಿಗೆ
ಬೆಳಗಾಗುವವರೆಗೆ ಬೇರೆ ಕೆಲಸವಿಲ್ಲ.

ಬುದ್ಧಿ ಹೇಳಿದ್ದು ನಾಲ್ಕು ರಾತ್ರಿಯೂ ಒಂದೇ:
ಆನೆಯನ್ನು ಕೊನೆಯ ಸಾಲಿಗೆ ಎಳೆ, ಅಲ್ಲಿಂದ ಕಾಯಿ.
ಎಳೆದೆ. ಕಾಲಾಳು ಒಂದು ಹೆಜ್ಜೆ. ನನ್ನ ರಾಜ ಪಕ್ಕಕ್ಕೆ.
ಕರಿರಾಜ ಬಂದು ಎದುರು ನಿಂತ, ನಡುವೆ ಒಂದು ಖಾಲಿ ಮನೆ.
ಸರದಿ ನನ್ನದು, ಅದೇ ಸಂಕಟ.
ಎಡಕ್ಕೆ ಸರಿದರೆ ಅವನೂ ಅದೇ ಕಡೆಗೆ,
ಬಲಕ್ಕೆ ಸರಿದರೆ ಬಲಕ್ಕೆ,
ಸಂತೆಯಲ್ಲಿ ಎದುರಾದ ಸಾಲಗಾರನಂತಲ್ಲ,
ಸಾಲ ಕೊಟ್ಟವನಂತೆ.

ಐದಕ್ಕೆ ಇಸುಬು ಮಗ್ಗುಲು ಬದಲಿಸಿದ.
ಜೀಪು ಅಲ್ಲಾಡಿತು. ಕೊನೆಯ ಸಾಲಿನಲ್ಲಿ ಆಗಷ್ಟೇ ಮಲಗಿಸಿದ ಸೆಲ್ಲು
ಉರುಳಿ ಒಂದು ಮನೆ ಹಿಂದೆ ಬಂತು.
ಎತ್ತಿಡಲು ಚಳಿ. ಇರಲಿ ಎಂದು
ಹಾಗೇ ಆಡಿದೆ.
ಕಾಲಾಳು ಒಂದು ಹೆಜ್ಜೆ.
ಈಗ ಆನೆ ಕೊನೆಯ ಸಾಲಿಗೆ, ಉಳಿದಿದ್ದ ಆ ಒಂದು ಮನೆ.
ಕರಿರಾಜ ಕಾಲಾಳಿನ ಬೆನ್ನಿಗೆ. ನನ್ನವನು ಬಂದು ಅವನೆದುರು.
ಅದೇ ನಟ್ಟು, ಅದೇ ಬೀಜ, ಅದೇ ಖಾಲಿ ಮನೆ,
ಎಲ್ಲವೂ ನಿನ್ನೆ ಸೋತ ಹಾಗೆಯೇ.
ಸರದಿ ಮಾತ್ರ ಅವನದು.

ಎರಡು ಸಲ ಎಣಿಸಿದೆ. ಮೂರನೇ ಸಲ ಬೆರಳಿಟ್ಟು ಎಣಿಸಿದೆ.
ಒಂದೇ ದಾಪಿಗೆ ಮುಗಿಯುವ ದಾರಿಯನ್ನು
ಎರಡು ಮಾಡಿಕೊಂಡು ನಡೆದಿತ್ತು ಆನೆ.
ಕೂಗಬೇಕೆನಿಸಿತು. ಸಲಗ ಇರುವ ಕಡೆ ಕೂಗುವಂತಿಲ್ಲ.

ಇಸುಬುವನ್ನು ಎಬ್ಬಿಸಿದೆ. ‘ನೀನು ಕರಿ. ನಡೆ.’
ತುಕ್ಕಿನ ನಟ್ಟಿನ ಮೇಲೆ ಬೆರಳಿಟ್ಟು
ಆ ಕಡೆ ನೋಡಿದ, ಈ ಕಡೆ ನೋಡಿದ,
ಇಂಜಿನ್ ಕೆಟ್ಟಾಗ ನೋಡುವಂತೆ ಬಗ್ಗಿ ನೋಡಿದ.
‘ನಡೀದೆ ಇದ್ರೆ ಆಗೋದಿಲ್ವ?’
‘ಈ ಆಟದಲ್ಲಿ ಇಲ್ಲ.’

ಅಷ್ಟರಲ್ಲಿ ತೋಟದ ಹೆಂಗಸರನ್ನು ತುಂಬಿಕೊಂಡ ಪಿಕಪ್ಪು
ತಿರುವಿನಲ್ಲಿ ಬಂದು ನಮ್ಮ ಹಿಂದೆ ನಿಂತಿತು.
ವಾಕಿಟಾಕಿ ಕೆಮ್ಮಿ, ಗಂಟಲು ಸರಿಮಾಡಿಕೊಂಡು,
‘ಇನ್ನೂ ರಸ್ತೆ ದಾಟಿಲ್ಲ, ಇದ್ದಲ್ಲೇ ಇರಿ, ಇದ್ದಲ್ಲೇ ಇರಿ’ ಎಂದಿತು.
ಪಿಕಪ್ಪಿನವನು ಇಂಜಿನ್ ಆರಿಸಿದ. ಹೆಂಗಸರು ರೊಟ್ಟಿ ಬಿಚ್ಚಿದರು.
ಇಸುಬು ಬೆರಳು ತೆಗೆಯದೆ
ನನ್ನ ಮುಖ ನೋಡಿದ.