ಏದ್ ಒಕ್ಕ?

ಗೋಣಿಕೊಪ್ಪದ ಕ್ಯೂರಿಂಗ್ ವರ್ಕ್ಸಿನ ಮಹಡಿ, ರಾತ್ರಿ ಒಂಬತ್ತು.
ಕೆಳಗೆ ಹಲ್ಲರ್ ನಿಂತಿದೆ. ಕಾಫಿ ಹೊಟ್ಟಿನ ಧೂಳು
ಕೀಬೋರ್ಡಿನ ಸಂದಿಗೂ ಇಳಿದಿದೆ.
ದೇಚಮ್ಮ ಮೇಡಂ ಬೀಗದ ಕೈ ಮೇಜಿನ ಮೇಲಿಟ್ಟು ಹೋದರು:
"ಬ್ಯಾಕಪ್ ಸರಿಮಾಡದೆ ಏಳಬೇಡ."

ಹಳೆಯ ಸ್ಕ್ರಿಪ್ಟು ನನ್ನದೇ, ನಾಲ್ಕು ವರ್ಷದ್ದು.
ಪಾರ್ಟಿಷನ್ನಿನ ಹೆಸರು ಹಿಡಿ, ಬಾಲದ ಅಂಕಿ ಕತ್ತರಿಸು,
ಉಳಿದದ್ದೇ ತಾಯಿ ಡಿಸ್ಕು.
sda1 ಕೊಟ್ಟರೆ sda. ಎಷ್ಟು ಸಲೀಸು!
ಇಲ್ಲಿ ಮದುವೆಯ ಊಟದಲ್ಲಿ ಹಿರಿಯರು ಮಾಡುವುದೂ ಇದನ್ನೇ.
ಹೆಸರಿನ ಮೊದಲ ತುಂಡು ಕಿವಿಗೆ ಬಿದ್ದರೆ ಸಾಕು,
"ಅಂಡ"ವೋ "ಇರ"ವೋ,
ಐನ್‌ಮನೆಯ ದಾರಿ, ಗದ್ದೆಯ ತಿರುವು, ಗೋಡೆಯ ಕೋವಿ
ಎಲ್ಲ ಸಿಕ್ಕಿಬಿಡುತ್ತದೆ ಅವರಿಗೆ.

ನನ್ನನ್ನೂ ಒಮ್ಮೆ ಕೇಳಿದ್ದರು, ಪ್ರೀತಿಯಿಂದಲೇ: "ಏದ್ ಒಕ್ಕ?"
ಎರವರ ಹಾಡಿಯ ಬೊಳ್ಳಿಯ ಮೊಮ್ಮಗಳು ನಾನು, ಜಾಜಿ.
ಬರೀ ಜಾಜಿ. ಕತ್ತರಿಸಲು ಹಿಂದೆ ಮುಂದೆ ಏನೂ ಇಲ್ಲ.
ಕಡುಂಬಿಟ್ಟು ಬಾಯಲ್ಲಿತ್ತು.
ಉತ್ತರವನ್ನೂ ಅದರ ಜೊತೆಗೇ ನುಂಗಿದೆ.

ಈಗ ಹೊಸ ಕಂಪ್ಯೂಟರು. ಹೆಸರು nvme0n1p2.
ಬಾಲ ಕತ್ತರಿಸಿದೆ. nvme0n1p ಉಳಿಯಿತು.
ಅಂಥ ಡಿಸ್ಕು ಲೋಕದಲ್ಲೇ ಇಲ್ಲ.
ಕತ್ತರಿ ಹಿಡಿದ ಕೈ ಇನ್ನೂ ಮುಂದೆ ಹೋದರೆ
ಯಾರದ್ದೋ ಮನೆ ಹೊಕ್ಕು
ಒಂದಿಡೀ ಕೊಯ್ಲಿನ ಲೆಕ್ಕ ಒರೆಸಿ ಬಂದೀತು.

ಸರಿ, ಹೆಸರು ಬಿಟ್ಟೆ. ಕರ್ನಲ್ಲನ್ನೇ ಕೇಳಿದೆ.
ಅಲ್ಲಿ ಪ್ರತಿ ಹೆಸರಿಗೂ ಒಂದು ಕೊಂಡಿ ಇಟ್ಟಿದ್ದಾರೆ.
ಕೊಂಡಿ ಹಿಡಿದು ಅದು ನಿಜಕ್ಕೂ ಇರುವಲ್ಲಿಗೆ ಹೋಗು,
ಒಂದು ಮೆಟ್ಟಿಲು ಹಿಂದೆ ಬಾ. ತಾಯಿ ಅಲ್ಲೇ ಕೂತಿರುತ್ತಾಳೆ.
ಹೆಸರಿನಲ್ಲಿ ಇರಲಿಲ್ಲ ಅದು,
ಇರುವ ಜಾಗದಲ್ಲಿತ್ತು.

ಒಂದು ಮಾತ್ರ ಉಳಿಯಿತು: dm-0.
ಎರಡು ಡಿಸ್ಕಿನ ಹೆಗಲ ಮೇಲೆ ನಿಂತದ್ದು.
ಹಿಂದಿನ ಮೆಟ್ಟಿಲಲ್ಲಿ ಯಾರೂ ಇಲ್ಲ.
ಅಡಿಯಲ್ಲಿದ್ದು ಭಾರ ಹೊತ್ತವರ ಪಟ್ಟಿ ಬೇರೆ ಫೋಲ್ಡರಿನಲ್ಲಿ.
ಫೋಲ್ಡರಿನ ಹೆಸರು ಓದಿದೆ. ಮತ್ತೆ ಓದಿದೆ.
slaves.

ಅಜ್ಜಿಯೂ ಒಂದು ಪಟ್ಟಿಯಲ್ಲಿದ್ದಳು.
ತೋಟದ ಕೆಂಪು ರಟ್ಟಿನ ಪುಸ್ತಕ, ಎತ್ತುಗಳ ಲೆಕ್ಕದ ಕೆಳಗೆ:
ಬೊಳ್ಳಿ, ನಾಲ್ಕು ಸೇರು ಭತ್ತ, ಕಂಬಳಿ ಒಂದು.

ಆ ದಾರಿಯ ಹೆಸರು ಬದಲಿಸಲು ಬರುವುದಿಲ್ಲ,
ಬದಲಿಸಿದರೆ ಸ್ಕ್ರಿಪ್ಟು ಓಡುವುದಿಲ್ಲ.
ಸಿಕ್ಕ ಉತ್ತರ ತುಂಬಿಡುವ ಡಬ್ಬಿಗೆ ಮಾತ್ರ
ನಾನು ಹೆಸರಿಡಬಹುದು.
ಐದೇ ಅಕ್ಷರ ಒತ್ತಿದೆ: bolli.

ಹತ್ತೂವರೆಗೆ ಬ್ಯಾಕಪ್ ಮುಗಿಯಿತು.
ಬೀಗ ಹಾಕಿ ಇಳಿದೆ.