ಸೊಂಟದ ಹಿಂದಿನ ಚೀಟಿ

ಕೌಲ್ ಬಜಾರಿನ ಒಂದು ಅಡ್ಡರಸ್ತೆ, ಮಹಡಿ ಮೇಲೆ
ಹದಿನಾಲ್ಕು ಮಿಷನ್ನು, ಎರಡು ಫ್ಯಾನು. ಒಂದು ತಿರುಗುತ್ತೆ.
ನಾನು ಚೀಟಿ ಹೊಲಿಯೋಳು.
ಪ್ಯಾಂಟು ಬೇರೆಯೋರು ಹೊಲಿದು ನನ್ನ ಕಡೆ ಒಗೀತಾರೆ.
ಸೊಂಟಪಟ್ಟಿಯ ಹಿಂದೆ, ಸರಿಯಾಗಿ ನಡುವಿಗೆ,
ನಾಲ್ಕು ಮೂಲೆ, ನಾಲ್ಕು ಗಂಟು.
ಒಂದಕ್ಕೆ ಅರವತ್ತು ಪೈಸೆ.

ಬಟ್ಟೆ ಒಂದೇ ಥಾನಿನದು. ದಾರ ಒಂದೇ ಉಂಡೆಯದು.
ಬೆಳಿಗ್ಗೆ ಇಟಲಿ ಹೊಲೀತೀನಿ,
ಊಟ ಆದಮೇಲೆ ಮುಂಬೈ,
ಸಂಜೆಯ ಲಾಟಿಗೆ ಬರೀ ಹುಲಿಯ ಮುಖ.
ಅದು ಯಾವ ದೇಶದ ಹುಲಿಯೋ ಮಾಲೀಕರಿಗೂ ಗೊತ್ತಿಲ್ಲ.

ಹೊನ್ನೂರಸ್ವಾಮಿ ವಾಷಿಂಗಿನವನು.
ಮೊಣಕೈತನಕ ನೀಲಿ, ಉಗುರುಸಂದಿ ನೀಲಿ.
ಹೋದ ಆಗಸ್ಟಿನಲ್ಲಿ ಬಾವುಟದ ಆರ್ಡರು ಬಂದಾಗ
ಕೂಲಿ ಬೇಡ ಅಂದು ರಾತ್ರಿಯೆಲ್ಲ ಕೂತು
ಕೇಸರಿ ಮೇಲೆ, ಹಸಿರು ಕೆಳಗೆ, ಎಣಿಸಿ ಮಡಿಸಿದ.
ಮಾಲೀಕರು ಎಲ್ಲರೆದುರು ಶಾಲು ಹೊದಿಸಿ
ದೇಶಭಕ್ತ ಅಂದ್ರು.
ಶಾಲು ನಮ್ಮ ಕಟ್‌ಪೀಸಿನದು, ಅಂಚು ಮಡಿಚಿದ್ದು ನಾನೇ.

ದಸರಾ ಕಳೆದು ಹದಿನೈದು ದಿನಕ್ಕೆ
ಹಳ್ಳದ ನೀರು ಬಾಟಲಿಗೆ ತುಂಬಿಕೊಂಡು
ಡಿಸಿ ಆಫೀಸಿನ ಮೆಟ್ಟಿಲ ಮೇಲೆ ಕೂತ.
ಅರ್ಜಿಯಲ್ಲಿ ಮೂರೇ ಮಾತು:
ಎಮ್ಮೆ ಕುಡಿಯಲ್ಲ, ಹುಡುಗರು ತುರಿಸಿಕೊಳ್ತಾರೆ,
ಬಂದು ನೋಡಿ.

ಸಂಜೆಗೆ ಅವನ ಫೋಟೋ ಎಲ್ಲರ ಫೋನಿನಲ್ಲಿ.
ಕೆಳಗೆ ದಪ್ಪಕ್ಷರ: ದೇಶದ್ರೋಹಿ.
ಎರ್ರಿಸ್ವಾಮಿ ಗಟ್ಟಿಯಾಗಿ ಓದಿದ.
ಕಾಜ ಹಾಕೋ ಮಾಬುನ್ನಿ ಹಲ್ಲಲ್ಲಿ ದಾರ ಕಡಿದು ಕೇಳಿದಳು,
"ದೇಶ ಅಂದ್ರೆ ಈಗ ವಾಷಿಂಗ್ ಯೂನಿಟ್ಟಾ?"

ಕೆಳಗೆ ಚಾ ಅಂಗಡಿಯಲ್ಲಿ ಮಂಡಕ್ಕಿ ಮಿರ್ಚಿ ಆರಿಹೋಗೋತನಕ ವಾದ.
ದೇಶ ಬೇರೆ, ಸರ್ಕಾರ ಬೇರೆ, ಅಂದ ಒಬ್ಬ.
ಫ್ಯಾಕ್ಟರಿ ಯಾವುದರೊಳಗೆ ಬರುತ್ತಪ್ಪ, ಅಂದ ಇನ್ನೊಬ್ಬ.
ಅವನು ಎಡದವನು ಕಣ್ರೀ, ಮೊದಲಿಂದ ಅನುಮಾನ ಇತ್ತು ನನಗೆ,
ಅಂದ ಲಾರಿ ಬ್ರೋಕರು.
ಎಡಗೈ ನೋಡೀನಿ, ಬಲಗೈನೂ ನೋಡೀನಿ.
ಎರಡೂ ನೀಲಿ.

ನನಗೆ ಗೊತ್ತಿರೋ ಮಾತು ಕಡಿಮೆ.
ರಾಷ್ಟ್ರೀಯ ಅಂದ್ರೆ ಹೆದ್ದಾರಿ, ಗುತ್ತಿ ಕಡೆ ನಮ್ಮ ಬಂಡಲು ಹೋಗೋದು.
ನಾಡು ಅಂದ್ರೆ ನಾಡಕಚೇರಿ,
ಆದಾಯದ ಸರ್ಟಿಫಿಕೇಟಿಗೆ ಮೂರು ಸಲ ತಿರುಗಿದ್ದು.
ಪರದೇಶಿ ಅಂದ್ರೆ ಹೊರಗಿಂದ ಬಂದೋರಲ್ಲ ನಮ್ಮಲ್ಲಿ.
ಗಂಡ ಹೋದ ವರ್ಷ, ನಾನು ಹುಟ್ಟಿದ ಓಣಿಯಲ್ಲೇ
ನನಗೆ ಆ ಹೆಸರು ಬಂತು.

ಅಜ್ಜ ಅಲ್ಲೀಪುರದ ಜೈಲಿನಲ್ಲಿ ಹನ್ನೊಂದು ತಿಂಗಳಿದ್ದೋನು.
ಒಳಗೆ ಹೋಗುವಾಗ ಕಾಗದದಲ್ಲಿ ರಾಜದ್ರೋಹಿ.
ಮುದುಕನಾದಮೇಲೆ ಅದೇ ಕಾಗದ ತೋರಿಸಿ ಪಿಂಚಣಿ ತಗೊಂಡ.
ನಡುವೆ, ಬಳ್ಳಾರಿ ಯಾರದು ಅನ್ನೋ ಜಗಳದಾಗ,
ಮನೇಲಿ ತೆಲುಗು ಆಡ್ತಾನೆ ಅಂತ ಒಂದು ಬೀದಿ ಮಾತು ಬಿಡ್ತು,
ಕನ್ನಡದಲ್ಲಿ ಸಹಿ ಹಾಕ್ತಾನೆ ಅಂತ ಇನ್ನೊಂದು.
ಅವನು ಬೀಡಿ ಹಚ್ಚಿಕೊಂಡು
ಎರಡೂ ಬೀದಿಯಲ್ಲಿ ಓಡಾಡಿದ.

ಚೀಟಿ ಯಾಕೆ ಹಿಂದೆ ಹೊಲೀತೀವಿ ಗೊತ್ತಾ?
ತೊಟ್ಟೋನಿಗೆ ಕಾಣೋದಿಲ್ಲ.
ಹಿಂದೆ ಬರೋರು ಓದ್ತಾರೆ.

ಲಾಟು ತಪ್ಪಿದರೆ ಬಿಚ್ಚೋದೂ ನಾನೇ.
ಬ್ಲೇಡಿನ ತುದಿ, ಉಸಿರು ಬಿಗಿ ಹಿಡಿದು, ಒಂದೊಂದೇ ಹೊಲಿಗೆ.
ಚೀಟಿ ಕಿತ್ತು ಬರುತ್ತೆ. ತೂತು ಬರೋದಿಲ್ಲ.
ನೀಲಿಯ ಮೇಲೆ ಸಾಲಾಗಿ ಬಿಳಿ ಚುಕ್ಕೆ,
ಎಷ್ಟು ಇಸ್ತ್ರಿ ಎಳೆದರೂ.
ಮುಚ್ಚಬೇಕಾದ್ರೆ
ಇನ್ನೂ ದೊಡ್ಡ ಚೀಟಿ ಬೇಕು.

ನಿನ್ನೆ ಹೊನ್ನೂರಸ್ವಾಮಿ ಬಂದಿದ್ದ, ಬಾಕಿ ಕೂಲಿಗೆ.
ಮಿಷನ್ನು ಒಂದೊಂದಾಗಿ ನಿಂತವು.
ಎರ್ರಿಸ್ವಾಮಿ ಬಾಬಿನ್ನು ಹುಡುಕೋ ನೆಪದಲ್ಲಿ ಮೇಜಿನ ಕೆಳಗೆ ಬಗ್ಗಿದ.
ಮಾಲೀಕರು ಊರಲ್ಲಿಲ್ಲ ಅಂದ ಮೇಸ್ತ್ರಿ,
ಒಳಗಿನ ಕೋಣೆಯಿಂದ ಕೆಮ್ಮು ಕೇಳಿಸುತ್ತಿದ್ದರೂ.
ಸರಿ ಅಂದು ತಿರುಗಿದ.
ತೊಟ್ಟಿದ್ದು ನಮ್ಮದೇ ಪ್ಯಾಂಟು,
ಸೆಕೆಂಡ್ಸ್ ಮಾಲು, ಚೀಟಿ ಹಚ್ಚದೇ ಇದ್ದದ್ದು.
ಮೆಟ್ಟಿಲಿಳಿಯೋತನಕ ಹದಿನಾಲ್ಕು ಜನರೂ
ಅವನ ಸೊಂಟದ ಹಿಂದಿನ ಬರಿ ನೀಲಿಯನ್ನೇ ನೋಡಿದ್ವಿ,
ಏನೋ ಓದೋರ ಹಾಗೆ.