ಹದಿನೇಳನೆಯ ಪ್ರಶ್ನೆ

ತಿಂಗಳ ಎರಡನೇ ಸೋಮವಾರ, ಹತ್ತೂಕಾಲಕ್ಕೆ
ಮೊದಲು ತ್ಯಾಂಪಣ್ಣನವರ ಕೊಡೆ ಒಳಗೆ ಬರುತ್ತದೆ,
ಆಮೇಲೆ ಅವರು.
ಫ್ರಂಟಾಫೀಸಿನ ಪಳ್ಳಿಕುಞ್ಞಿ ನನ್ನ ಕಡೆ ಹುಬ್ಬು ಹಾರಿಸುತ್ತಾನೆ:
ಬಂತು ಅಕ್ಕ, ನಿಮ್ಮ ಕನ್ನಡ.

ಹತ್ತು ರೂಪಾಯಿಯ ಕೋರ್ಟ್ ಫೀ ಸ್ಟಾಂಪು,
ಗೆರೆ ಹಾಕಿದ ಕಾಗದ, ನಿವೃತ್ತ ಅಂಚೆಯಣ್ಣನ ದುಂಡು ಅಕ್ಷರ.
ಮಾಹಿತಿ ಹಕ್ಕಿನಡಿ ಪ್ರಶ್ನೆ ಹದಿನೇಳು.
ಒಂದು: ಶಾಲೆಯ ಹಿಂದಿನಿಂದ ನೆಕ್ಕರೆಪದವಿಗೆ ಹೋಗುವ ಕಾಲುದಾರಿಯ ಉದ್ದ ಎಷ್ಟು?
ನಾಲ್ಕು: ಅದನ್ನು ಯಾವ ರಿಜಿಸ್ಟರಿನ ಎಷ್ಟನೇ ಪುಟದಿಂದ ತೆಗೆದಿರಿ?
ಒಂಬತ್ತು: ಕಲ್ಲಿನ ಕೋರೆಯವರ ಗೋಡೆಗೆ ಅನುಮತಿ ಕೊಟ್ಟ ಸಭೆಯಲ್ಲಿ
ಚಾ ಕುಡಿದವರೆಲ್ಲರ ಸಹಿಯ ನಕಲು.
ಹದಿನೇಳು: ಅಲ್ಲಿ ದಾರಿಯೇ ಇರಲಿಲ್ಲವೆಂದಾದರೆ
ಮೂವತ್ತೊಂದು ವರ್ಷ ನಾನು ನಡೆದದ್ದು ಎಂತದರ ಮೇಲೆ?

ಕಣ್ಣೂರಿನಿಂದ ವರ್ಗವಾಗಿ ಬಂದ ಸೆಕ್ರೆಟರಿ ಪ್ರಮೋದನ್ ಸಾರ್
ಒಳ್ಳೆಯವರೇ. ಕನ್ನಡ ಕಂಡರೆ ಕನ್ನಡಕ ತೆಗೆದು ಒರೆಸುತ್ತಾರೆ.
ನಾನು ಓದಿ ಹೇಳಬೇಕು, ಅವರು ಮಲಯಾಳದಲ್ಲಿ ಉತ್ತರ ಹೇಳಬೇಕು,
ನಾನು ಕನ್ನಡಕ್ಕೆ ತಿರುಗಿಸಬೇಕು.
ಹದಿನಾರರವರೆಗೆ ಲಭ್ಯಮಲ್ಲ ಎಂದರು.
ಹದಿನೇಳು ಮಾಹಿತಿಯೇ ಅಲ್ಲ, ಬಿಡು,
ಅದು ಬರೀ ಸಂಕಟ, ಅದಕ್ಕೆ ಕಾಯಿದೆಯಲ್ಲಿ ಸೆಕ್ಷನ್ ಎಲ್ಲಿದೆ?

ಲಭ್ಯಮಲ್ಲ. ಲಭ್ಯವಿಲ್ಲ.
ಹನ್ನೆರಡು ವರ್ಷದಿಂದ ಕೈ ತಾನಾಗಿ ಬರೆಯುವ ತಿರುವು.
ಆ ದಿನ ಪೆನ್ನು ನಿಂತಿತು.
ಅವರ ಬಾಯಿಯ ಅಲ್ಲ
ನನ್ನ ಕೈಗೆ ಬರುವಾಗ ಇಲ್ಲ ಆಗುತ್ತದೆ.
ಅಲ್ಲ ಎಂದರೆ ಬೇರೇನೋ ಆಗಿರಬಹುದು,
ಇಲ್ಲ ಎಂದರೆ ಮುಗಿಯಿತು, ಮಾರಾಯ್ರೆ.

ಕಳೆದ ಸಲ ತ್ಯಾಂಪಣ್ಣ ಕೇಳಿದ್ದರು, ಸಿಟ್ಟಿಲ್ಲದೆ:
ವಿಳಾಸದಾರರು ಇಲ್ಲ ಅಂತ ಷರಾ ಬರೆಯುವ ಮೊದಲು
ನಾವು ಮೂರು ದಿನ ಆ ಜಗಲಿ ಹತ್ತುತ್ತಿದ್ದೆವು, ತಂಗಿ.
ನೀವು ಕುರ್ಚಿಯಿಂದ ಎದ್ದಿರಾ?

ಎದ್ದೆ. ಇಪ್ಪತ್ತಮೂರನೇ ದಿನ, ಊಟದ ಹೊತ್ತಿಗೆ.
ರೆಕಾರ್ಡು ಕೋಣೆಯ ಬೀಗಕ್ಕೆ ತೆಂಗಿನೆಣ್ಣೆ ಬಿಟ್ಟೆ.
ಮುರಿದ ತಕ್ಕಡಿ, ನಾಯಿ ಲೈಸೆನ್ಸಿನ ತಗಡು ಬಿಲ್ಲೆಗಳ ಗೋಣಿ,
ಅದರಡಿಯಲ್ಲಿ ನಾವು ದಕ್ಷಿಣ ಕನ್ನಡದಲ್ಲಿದ್ದಾಗಿನ ಕಟ್ಟು.
ದಾರ ಬಿಚ್ಚಿದರೆ
ಒರಲೆ ಓದಿ ಮುಗಿಸಿದ ಕನ್ನಡ.
ಒಂದು ಸಾಲು ಮಾತ್ರ ಬಾಕಿ:
ಶಾಲೆಯಿಂದ ಪದವಿಗೆ ಹೋಗುವ ದಾರಿ, ಅಗಲ ನಾಲ್ಕು ಮೊಳ, ಸ
ಸರಕಾರಿಯೋ, ಸಾರ್ವಜನಿಕವೋ, ಸಂಕಪ್ಪನೆಂಬವನದೋ,
ಆ ಸಕ್ಕೆ ದೀರ್ಘವಿತ್ತೋ ಸೊನ್ನೆಯಿತ್ತೋ
ಒರಲೆಗೇ ಗೊತ್ತು.

ನಕಲು ತೆಗೆದೆ. ಜೆರಾಕ್ಸಿನಲ್ಲಿ ತೂತುಗಳೆಲ್ಲ
ಕರಿ ಕಲ್ಲುಗಳಾಗಿ ಬಂದವು.
ದೃಢೀಕರಿಸಿದೆ ಎಂಬ ಮೊಹರು ಹೋಗಿ
ಅವುಗಳ ಮೇಲೆಯೇ ಕೂತಿತು.

ಹದಿನೇಳರ ಎದುರು ಇಪ್ಪತ್ತೆಂಟನೇ ದಿನದವರೆಗೂ ಖಾಲಿ.
ಆಮೇಲೆ ಒಂದು ಶಬ್ದ. ಕಚೇರಿ ಭಾಷೆಯಲ್ಲಿ ಇದೆ ಅಂತ ಆಗಬೇಕಿತ್ತು,
ನನ್ನ ಮನೆಯದ್ದು ಬಂತು.
ಎಂತ ಬರೆದದ್ದು ಅಂತ ಪ್ರಮೋದನ್ ಸಾರ್ ಕನ್ನಡಕ ಒರೆಸಿದರು.
ಉಂಟು, ಸಾರ್.
ತಿರುಗಿಸಬೇಕಾಗಲಿಲ್ಲ.
ಕಿಟಕಿಯಾಚೆ ಕಲ್ಲಿನ ಲಾರಿ ಎರಡು ಹೋಗುವವರೆಗೆ ಸುಮ್ಮನಿದ್ದು
ಅಪೀಲು ಬಂದರೆ ವಿದ್ಯಾನಗರಕ್ಕೆ ನೀನೇ ಹೋಗಬೇಕು
ಎಂದು ಸಹಿ ಹಾಕಿದರು.

ಹೊಸ ಅಂಚೆಯ ಹುಡುಗಿ ಜಲಜ
ರಿಜಿಸ್ಟರ್ಡ್ ಲಕೋಟೆ ಹಿಡಿದು ಗೋಡೆಯವರೆಗೆ ಹೋಗಿ,
ಸ್ಕೂಟರ್ ತಿರುಗಿಸಿ, ಮೂರು ಕಿಲೋಮೀಟರ್ ಸುತ್ತಿ ಮುಟ್ಟಿಸಿದಳಂತೆ.
ಹಿಂದೆ ಬಂದ ಚೀಟಿಯಲ್ಲಿ ದುಂಡು ಸಹಿ,
ಅಂಚಿಗೆ ಕೆಂಪು ಧೂಳು.

ಮೂವತ್ತನೇ ದಿನ ಫೈಲು ಮುಚ್ಚಿದೆ.
ಎರಡನೇ ಸೋಮವಾರಕ್ಕೆ ಇನ್ನು ಐದು ದಿನ ಉಂಟು.